ವಾಲಿದಂತೆ ಕಾಣುವ ಕೇಕ್: ಕರಾವಳಿಯ ಸೆಕೆಯಲ್ಲಿ ಮೊದಲ ಸಲ ಮಾಡುವವರಿಗೆ

ವಾಲಿದ ಕೇಕಿನ ಗುಟ್ಟು ಇಷ್ಟೇ: ಅದು ವಾಲಿರುವುದಿಲ್ಲ. ಪ್ರತಿ ಅಂತಸ್ತಿನ ತಲೆ ಮಾತ್ರ ಓರೆ, ಬುಡ ಸಮತಟ್ಟು. ಕೆಳಗಿನ ಅಂತಸ್ತಿನ ಓರೆ ತಲೆಯಲ್ಲಿ ಒಂದು ತಗ್ಗು ಕೊರೆದು, ಆ ತಗ್ಗಿನ ತಳವನ್ನು ಮಟ್ಟಸ ಮಾಡಿ, ಮೇಲಿನ ಅಂತಸ್ತನ್ನು ಅದರೊಳಗೆ ಕೂರಿಸುತ್ತಾರೆ. ತೇರು ಎಳೆಯುವಾಗ ಮೇಲಿನ ಪತಾಕೆಗಳೆಲ್ಲ ಓಲಾಡಿದರೂ ಗಾಲಿ ನೆಲ ಬಿಡುವುದಿಲ್ಲವಲ್ಲ, ಹಾಗೆ. ಟಾಪ್ಸಿ ಟರ್ವಿ ಕೇಕ್ ಎಂದು ಹೆಸರಿರುವ ಈ ಅಲಂಕಾರವನ್ನು ಕಂಡು ಹೆದರುವವರು ಹೆದರುವುದು ಓರೆಗೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಅಡುಗೆಮನೆಯಲ್ಲಿ ನಿಜಕ್ಕೂ ಹೆದರಬೇಕಾದ್ದು ಸೆಕೆಗೆ ಮತ್ತು ಗಾಳಿಯ ತೇವಕ್ಕೆ. ಓರೆಯನ್ನು ಅಳತೆಪಟ್ಟಿ ನೋಡಿಕೊಳ್ಳುತ್ತದೆ.

ಮೊಬೈಲಿನಲ್ಲಿ ಸಿಗುವ ವಿಡಿಯೊಗಳ ಬಹುಪಾಲು ತಣ್ಣನೆಯ ಊರಿನವು. ಅಲ್ಲಿ ಬಟರ್‌ಕ್ರೀಮ್ ಸವರಿ ಕೇಕನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗುತ್ತಾರೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹಾಗೆ ಮಾಡಿದರೆ ವಾಪಸು ಬರುವಷ್ಟರಲ್ಲಿ ಕೇಕ್ ನಿಜವಾಗಿಯೇ ವಾಲಿರುತ್ತದೆ. ಬೆಣ್ಣೆ 30 ಡಿಗ್ರಿ ದಾಟುತ್ತಲೇ ಮೆತ್ತಗಾಗುತ್ತದೆ, 35ರ ಆಸುಪಾಸಿನಲ್ಲಿ ನೀರಾಗುತ್ತದೆ. ಆದ್ದರಿಂದ ಈ ಕೇಕಿಗೆ ಬಟರ್‌ಕ್ರೀಮ್ ಬೇಡ, ವಿಪ್ಪಿಂಗ್ ಕ್ರೀಮಂತೂ ಬೇಡವೇ ಬೇಡ. ಒಳಗೂ ಹೊರಗೂ ಗಟ್ಟಿ ಚಾಕೊಲೇಟ್ ಗನಾಶ್, ಅಂದರೆ ಬಿಸಿ ಕ್ರೀಮಿನಲ್ಲಿ ಕರಗಿಸಿದ ಚಾಕೊಲೇಟ್, ಇರಲಿ.

ಮೊದಲ ಸಲಕ್ಕೆ ಎರಡು ಅಂತಸ್ತು ಸಾಕು. ಮೂರು ಮಾಡಿದರೆ ಚೆನ್ನ ಎನ್ನುವವರು ಮೂರನೆಯದರ ಭಾರವನ್ನು ಹೊತ್ತು ನೋಡಿದವರಲ್ಲ. ಎರಡೇ ಅಂತಸ್ತಿನದ್ದೂ ಅಲಂಕಾರ ಸೇರಿ ಐದಾರು ಕಿಲೋ ತೂಗುತ್ತದೆ.

ಅಳತೆ ಮತ್ತು ಸಾಮಾನು

ಕೆಳಗಿನದು 9 ಇಂಚಿನ ಟಿನ್, ಮೇಲಿನದು 6 ಇಂಚಿನದು. ಎರಡರಲ್ಲೂ ತಲಾ ಎರಡೆರಡು ಕೇಕ್ ಬೇಯಿಸಿ, ಪ್ರತಿಯೊಂದನ್ನೂ ಅಡ್ಡಲಾಗಿ ಸೀಳಿದರೆ ಅಂತಸ್ತಿಗೆ ನಾಲ್ಕು ಪದರ ಸಿಗುತ್ತದೆ. ಕೆಳಗಿನ ಅಂತಸ್ತಿಗೆ ಏಳೂವರೆ ಇಂಚಿನ ಕೇಕ್ ಬೋರ್ಡ್, ಮೇಲಿನದಕ್ಕೆ ನಾಲ್ಕೂವರೆ ಇಂಚಿನದು, ಎಲ್ಲದರ ಅಡಿಗೆ 12 ಇಂಚಿನ ಗಟ್ಟಿ ಪ್ಲೈವುಡ್ ಅಥವಾ ಎಂಡಿಎಫ್ ಹಲಗೆ. ಬೋರ್ಡು ಟಿನ್‌ಗಿಂತ ಚಿಕ್ಕದಿರುವುದು ಬೇಕೆಂದೇ: ಈ ಕೇಕ್ ಬುಡದಲ್ಲಿ ಕಿರಿದು, ತಲೆಯಲ್ಲಿ ಅಗಲ. ಈ ಆಕಾರವಿಲ್ಲದಿದ್ದರೆ ಓರೆ ಕತ್ತರಿಸಿದರೂ ತುಂಟತನ ಬರುವುದಿಲ್ಲ, ಚಾಕು ತಪ್ಪಿದಂತೆ ಮಾತ್ರ ಕಾಣುತ್ತದೆ.

ಕೇಕಿಗೆ ಹಳೆಯ ಸಮತೂಕದ ಲೆಕ್ಕವೇ ಒಳ್ಳೆಯದು. ಮೈದಾ, ಸಕ್ಕರೆ, ಉಪ್ಪಿಲ್ಲದ ಬೆಣ್ಣೆ, ಒಡೆದ ಮೊಟ್ಟೆ ಎಲ್ಲ ಒಂದೇ ತೂಕ. 9 ಇಂಚಿನ ಒಂದು ಕೇಕಿಗೆ ತಲಾ 350 ಗ್ರಾಂ, 6 ಇಂಚಿನ ಒಂದಕ್ಕೆ ತಲಾ 150 ಗ್ರಾಂ. ನಾಲ್ಕೂ ಸೇರಿ ಮೈದಾ ಒಂದು ಕಿಲೋ, ಸಕ್ಕರೆ ಒಂದು ಕಿಲೋ, ಬೆಣ್ಣೆ ಒಂದು ಕಿಲೋ, ಮೊಟ್ಟೆ ಇಪ್ಪತ್ತು ಇಪ್ಪತ್ತೆರಡು. ದೊಡ್ಡ ಕೇಕಿಗೆ ಎರಡು ಟೀ ಚಮಚ, ಚಿಕ್ಕದಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್. ಬೆಣ್ಣೆ ಸಕ್ಕರೆಯನ್ನು ಬಿಳುಪಾಗುವವರೆಗೆ ನಾದಿ, ಮೊಟ್ಟೆಯನ್ನು ಒಂದೊಂದಾಗಿ ಸೇರಿಸಿ, ಜರಡಿ ಹಿಡಿದ ಮೈದಾವನ್ನು ಕೊನೆಗೆ ಬೆರೆಸುವುದು; ಇದು ಕೇಕ್ ಮಾಡುವವರಿಗೆಲ್ಲ ಗೊತ್ತಿರುವ ದಾರಿ. ಮನೆಯ ಓಟಿಜಿಯಲ್ಲಿ (ಕರೆಂಟಿನ ಚಿಕ್ಕ ಓವನ್) ಒಂದು ಸಲಕ್ಕೆ ಒಂದೇ ಟಿನ್ ಹಿಡಿಸುವುದಾದರೆ ಹಿಟ್ಟನ್ನೂ ಒಂದೊಂದೇ ಸಲ ಕಲಸಿ. ಕಲಸಿಟ್ಟ ಹಿಟ್ಟು ಸರದಿ ಕಾಯುತ್ತ ಕೂತರೆ ಉಬ್ಬುವ ಶಕ್ತಿ ಕಳೆದುಕೊಳ್ಳುತ್ತದೆ. 160 ಡಿಗ್ರಿಯಲ್ಲಿ ದೊಡ್ಡದಕ್ಕೆ ಒಂದರಿಂದ ಒಂದೂಕಾಲು ಗಂಟೆ, ಚಿಕ್ಕದಕ್ಕೆ ಮುಕ್ಕಾಲು ಗಂಟೆ. ನಡುವೆ ಚುಚ್ಚಿದ ಕಡ್ಡಿ ಒಣಗಿ ಹೊರಬಂದರೆ ಬೆಂದಿದೆ ಎಂದರ್ಥ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಅನೇಕ ಮನೆಗಳಿಗೆ ಮೊಟ್ಟೆಯಿಲ್ಲದ ಕೇಕೇ ಬೇಕು. ಕಂಡೆನ್ಸ್ಡ್ ಮಿಲ್ಕ್ ಮತ್ತು ಬೆಣ್ಣೆಯ ಕೇಕಿನಲ್ಲೂ ಇದು ಆಗುತ್ತದೆ. ಆದರೆ ಅದು ಬೇಗ ಉದುರುವ ಜಾತಿ. ಅಂಥದ್ದಕ್ಕೆ ಬುಡವನ್ನು ಒಂದೂವರೆ ಇಂಚು ಕಿರಿದು ಮಾಡುವ ಬದಲು ಒಂದು ಇಂಚಿಗೆ ನಿಲ್ಲಿಸಿ, ಬೋರ್ಡನ್ನೂ ಅದಕ್ಕೆ ತಕ್ಕಂತೆ ಅರ್ಧ ಇಂಚು ದೊಡ್ಡದು ತೆಗೆದುಕೊಳ್ಳಿ. ಫ್ರಿಜ್ಜಿನಲ್ಲಿ ಇಡೀ ರಾತ್ರಿ ಗಟ್ಟಿಯಾಗಲು ಬಿಡಿ.

ಗನಾಶ್‌ಗೆ ಒಂದೂಕಾಲು ಕಿಲೋ ಡಾರ್ಕ್ ಚಾಕೊಲೇಟ್, ಅರ್ಧ ಕಿಲೋ ಕ್ರೀಮ್. ಸಾಮಾನ್ಯ ಲೆಕ್ಕ ಎರಡಕ್ಕೆ ಒಂದು. ಕರಾವಳಿಗೆ ಎರಡೂವರೆಗೆ ಒಂದು, ಮೇ ತಿಂಗಳಾದರೆ ಮೂರಕ್ಕೆ ಒಂದು. ಅಂಗಡಿಯಲ್ಲಿ ಸಿಗುವ ಅಮುಲ್ ಫ್ರೆಶ್ ಕ್ರೀಮ್ ಸಾಕು, ಅದರಲ್ಲಿ ಶೇಕಡಾ 25ರಷ್ಟು ಕೊಬ್ಬು ಇರುತ್ತದೆ. ಚಾಕೊಲೇಟ್‌ನಲ್ಲಿ ಅರ್ಧ ಪಾಲು ಕಾಂಪೌಂಡ್ ಬಳಸುವುದಕ್ಕೆ ನನ್ನ ತಕರಾರಿಲ್ಲ. ಅದರಲ್ಲಿ ಕೊಕೊ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ರುಚಿ ಒಂದು ಕೈ ಕಡಿಮೆ, ಸೆಕೆಯಲ್ಲಿ ತಾಳಿಕೆ ಒಂದು ಕೈ ಹೆಚ್ಚು. ಕ್ರೀಮನ್ನು ಕುದಿಸಬೇಡಿ. ಪಾತ್ರೆಯ ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದಂತೆ ಇಳಿಸಿ, ಚೂರು ಮಾಡಿದ ಚಾಕೊಲೇಟ್ ಮೇಲೆ ಸುರಿದು, ಮೂರು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ನಡುವಿನಿಂದ ಹೊರಕ್ಕೆ ನಿಧಾನವಾಗಿ ತಿರುವಿ. ಮುಚ್ಚಿಟ್ಟರೆ ಮಾರನೆಯ ದಿನ ಸವರುವ ಹದಕ್ಕೆ ಬಂದಿರುತ್ತದೆ.

ಇವಲ್ಲದೆ ಎರಡು ಕಿಲೋ ಫಾಂಡೆಂಟ್ (ಲಟ್ಟಿಸಿ ಕೇಕಿಗೆ ಹೊದಿಸುವ ಸಕ್ಕರೆಯ ಕಣಕ), ಅಗಲವಾದ ಆರು ಪ್ಲಾಸ್ಟಿಕ್ ಸ್ಟ್ರಾ, ಒಂದು ಉದ್ದನೆಯ ಮರದ ಡೋವೆಲ್ ಕಡ್ಡಿ, ಹಲ್ಲಿನ ಉದ್ದ ಚಾಕು, ಅಳತೆಪಟ್ಟಿ ಬೇಕು. ಗಾರೆಯವರು ಬಳಸುವ ರಸಮಟ್ಟದ ಚಿಕ್ಕ ಗಾತ್ರದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಒಂದನ್ನು ತಂದು ತೊಳೆದು ಇಟ್ಟುಕೊಳ್ಳಿ. ತೋಟದ ಮನೆಯವರಿಗೆ ಡೋವೆಲ್ ಬದಲು ಅಡಿಕೆ ದಬ್ಬೆ ಸೀಳಿದರಾಯಿತು ಎನಿಸಬಹುದು. ಬೇಡ. ಅದರ ಸಿಬಿರು ಕೇಕಿನೊಳಗೆ ಉಳಿಯುತ್ತದೆ.

ಹಣ್ಣಿನ ಪದರದ ಆಸೆ

ಬೇಸಿಗೆ ರಜೆಯ ಹುಟ್ಟುಹಬ್ಬವೆಂದರೆ ಮಾವಿನ ಕಾಲ. ಅಂಕೋಲೆಯ ಕರಿ ಇಶಾಡು ಮನೆಯಲ್ಲಿದ್ದರೆ ಅದರ ರಸವನ್ನು ಪದರಗಳ ನಡುವೆ ಹಾಕದೆ ಇರುವುದು ಕಷ್ಟವೇ. 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹಣ್ಣು ಅದು, ಮೆರೆಸಬೇಕೆನಿಸುವುದು ಸಹಜ. ಆದರೂ ಈ ಕೇಕಿನೊಳಗೆ ಬೇಡ. ಬುಡ ಕಿರಿದಾಗಿ ತಲೆ ಅಗಲವಾಗಿರುವ ಕೇಕಿನಲ್ಲಿ ಮೆತ್ತನೆಯ ಪದರ ಎಂದರೆ ಜಾರುಬಂಡೆ. ರಸವನ್ನು ಬೇರೆ ಪಾತ್ರೆಯಲ್ಲಿ ತಣ್ಣಗಿಟ್ಟು, ಬಡಿಸುವಾಗ ತುಂಡಿನ ಪಕ್ಕ ಒಂದು ಸೌಟು ಹಾಕಿ. ಕಹಿ ಚಾಕೊಲೇಟಿಗೆ ಅದು ಹೀಗೆಯೇ ಹೆಚ್ಚು ಹೊಂದುತ್ತದೆ.

ಜೋಡಿಸಿ, ತಣಿಸಿ, ಕೆತ್ತುವುದು

ಕೇಕಿನ ಉಬ್ಬಿದ ತಲೆಯನ್ನು ಸಮ ಮಾಡಿ, ಸೀಳಿ, ತೆಳುವಾಗಿ ಗನಾಶ್ ಸವರುತ್ತ ನಾಲ್ಕು ಪದರ ಜೋಡಿಸಿ. ಕೆಳಗಿನ ಅಂತಸ್ತು ಈಗ ಸುಮಾರು ನಾಲ್ಕೂಮುಕ್ಕಾಲು ಇಂಚು ಎತ್ತರ, ಮೇಲಿನದು ನಾಲ್ಕೂವರೆ ಇದ್ದರೆ ಸರಿ. ಪ್ಲಾಸ್ಟಿಕ್ ಹಾಳೆ ಸುತ್ತಿ ಫ್ರಿಜ್ಜಿಗೆ. ಬೆಣ್ಣೆಯ ಕೇಕ್ ತಣಿದರೆ ಕೆತ್ತಲು ಬರುವಷ್ಟು ಗಟ್ಟಿಯಾಗುತ್ತದೆ. ತಣಿಯದಿದ್ದರೆ ಚಾಕು ಹೋದಲ್ಲೆಲ್ಲ ಪುಡಿ. ಇಲ್ಲಿ ಅವಸರ ಮಾಡಿದವರಿಗೆ ಮುಂದಿನ ಯಾವ ಹಂತವೂ ಕೈಹಿಡಿಯುವುದಿಲ್ಲ. ಕೆತ್ತುವ ಕೆಲಸವನ್ನು ಬೆಳಗಿನ ಜಾವಕ್ಕೋ ರಾತ್ರಿಗೋ ಇಟ್ಟುಕೊಳ್ಳಿ, ಒಂದು ಅಂತಸ್ತು ಕೆತ್ತುವಾಗ ಇನ್ನೊಂದು ಫ್ರಿಜ್ಜಿನಲ್ಲೇ ಇರಲಿ.

ಮೊದಲು ಪಕ್ಕಗಳು, ಆಮೇಲೆ ಓರೆ. ಈ ಕ್ರಮ ಬದಲಿಸಬೇಡಿ, ಏಕೆಂದರೆ ಪಕ್ಕ ಕೆತ್ತಲು ಕೇಕನ್ನು ತಲೆಕೆಳಗು ಮಾಡಬೇಕು. ತಲೆ ಓರೆಯಾದ ಮೇಲೆ ತಲೆಕೆಳಗು ನಿಲ್ಲುವುದಿಲ್ಲ. ತಣಿದ 9 ಇಂಚಿನ ಕೇಕನ್ನು ಬಟರ್ ಪೇಪರ್ ಮೇಲೆ ಬೋರಲು ಹಾಕಿ. ಮೇಲೆ ಬಂದ ಬುಡದ ನಡುವೆ ಏಳೂವರೆ ಇಂಚಿನ ಬೋರ್ಡನ್ನು ಇಟ್ಟು, ಸುತ್ತಲೂ ಮುಕ್ಕಾಲು ಇಂಚು ಸಮನಾಗಿ ಉಳಿದಿದೆಯೇ ಎಂದು ಅಳೆಯಿರಿ. ಈಗ ಬೋರ್ಡಿನ ಅಂಚಿನಿಂದ ಕೆಳಗಿನ ಅಂಚಿಗೆ ಚಾಕುವನ್ನು ಓರೆಯಾಗಿ ಇಳಿಸುತ್ತ, ತೆಳ್ಳಗೆ ತೆಳ್ಳಗೆ ಹೆರೆಯುತ್ತ, ಕೇಕನ್ನು ತಿರುಗಿಸುತ್ತ ಹೋಗಿ. ಒಂದೇ ಏಟಿಗೆ ತೆಗೆಯಲು ಹೋದರೆ ಚಾಕು ಒಳಕ್ಕೆ ಬಾಗಿ ಬುಡದಲ್ಲಿ ಗುಳಿ ಬೀಳುತ್ತದೆ. ಮುಗಿದ ಮೇಲೆ ಬೋರ್ಡಿಗೆ ಗನಾಶ್ ಸವರಿ ಅಂಟಿಸಿ, ಎರಡೂ ಕೈಯಿಂದ ಹಿಡಿದು ನೆಟ್ಟಗೆ ತಿರುಗಿಸಿಡಿ.

ಇನ್ನು ಓರೆ. ಇಲ್ಲೊಂದು ಲೆಕ್ಕ ಗೊತ್ತಿದ್ದರೆ ಕೇಕ್ ಹಾಳಾಗುವುದಿಲ್ಲ. ಎತ್ತರ ಉಳಿಸಬೇಕಾದ ಬದಿಯಲ್ಲಿ ತಲೆಯ ಅಂಚಿಗೇ ಒಂದು ಟೂತ್‌ಪಿಕ್ ಚುಚ್ಚಿ. ಅದರ ಸರಿ ಎದುರು ಬದಿಯಲ್ಲಿ ತಲೆಯಿಂದ ಮುಕ್ಕಾಲು ಇಂಚು ಕೆಳಗೆ ಇನ್ನೊಂದನ್ನು ಚುಚ್ಚಿ. ಒಂದರಿಂದ ಇನ್ನೊಂದಕ್ಕೆ ಚಾಕು ಎಳೆದರೆ ಒಂದು ಬದಿಯಲ್ಲಿ ಮುಕ್ಕಾಲು ಇಂಚು ದಪ್ಪ, ಇನ್ನೊಂದು ಬದಿಯಲ್ಲಿ ಸೊನ್ನೆ ಇರುವ ಬಿಲ್ಲೆಯೊಂದು ಬಿಡಿಸಿಕೊಳ್ಳುತ್ತದೆ. ಅದನ್ನು ತಿನ್ನಲು ಮಕ್ಕಳು ಕಾದಿರುತ್ತಾರೆ, ಕೊಡಬೇಡಿ. ಬಿಲ್ಲೆಯನ್ನು ಅರ್ಧ ಸುತ್ತು ತಿರುಗಿಸಿ, ದಪ್ಪ ಬದಿ ಎತ್ತರದ ಕಡೆಗೆ ಬರುವಂತೆ, ಗನಾಶ್ ಸವರಿ ಅಲ್ಲಿಯೇ ಅಂಟಿಸಿ. ಎತ್ತರದ ಬದಿ ಈಗ ಐದೂವರೆ ಇಂಚು, ತಗ್ಗಿನ ಬದಿ ನಾಲ್ಕು. ಮುಕ್ಕಾಲು ಇಂಚು ಕತ್ತರಿಸಿ ಒಂದೂವರೆ ಇಂಚಿನ ಓರೆ ಪಡೆದಂತಾಯಿತು. ಮೇಲಿನ ಚಿಕ್ಕ ಅಂತಸ್ತಿಗೆ ಇದೇ ಕೆಲಸವನ್ನು ಅರ್ಧ ಇಂಚಿನಲ್ಲಿ ಮಾಡಿ. ಅಲ್ಲಿ ಐದು ಮತ್ತು ನಾಲ್ಕು ಇಂಚು ಬರುತ್ತದೆ, ಎರಡರ ಓರೆಯೂ ಒಂದೇ ಕೋನದಲ್ಲಿರುತ್ತದೆ.

ತಗ್ಗು

ಇಡೀ ಕೇಕಿನ ಪ್ರಾಣ ಇರುವುದು ಈ ತಗ್ಗಿನಲ್ಲಿ. ಕೆಳಗಿನ ಅಂತಸ್ತಿನ ಓರೆ ತಲೆಯ ನಡುವೆ ಐದೂವರೆ ಇಂಚಿನ ವೃತ್ತವನ್ನು ಟೂತ್‌ಪಿಕ್ಕಿನಿಂದ ಗೀರಿ. ಮೇಲಿನ ಬೋರ್ಡು ನಾಲ್ಕೂವರೆ, ಗನಾಶ್ ಮತ್ತು ಫಾಂಡೆಂಟಿನ ದಪ್ಪಕ್ಕೆ ಸುತ್ತ ಅರ್ಧ ಇಂಚು. ಚಾಕುವನ್ನು ನೇರ ಕೆಳಕ್ಕೆ ಚುಚ್ಚಿ ವೃತ್ತವನ್ನು ಕತ್ತರಿಸಿ, ಒಳಗಿನ ಕೇಕನ್ನು ಚಮಚದಿಂದ ಸ್ವಲ್ಪ ಸ್ವಲ್ಪವೇ ತೆಗೆಯಿರಿ. ತಳ ಸಮತಟ್ಟಾಗಬೇಕಾದರೆ ತಗ್ಗಿನ ಕಡೆಯ ಅಂಚಿನಲ್ಲಿ ತೆಗೆಯಬೇಕಾದ್ದು ಹೆಚ್ಚುಕಡಿಮೆ ಏನೂ ಇರುವುದಿಲ್ಲ, ಚಾಕು ಸವರಿದಷ್ಟೇ. ಎತ್ತರದ ಕಡೆಯ ಅಂಚಿನಲ್ಲಿ ಆಳ ಒಂದು ಇಂಚಿಗೆ ಹತ್ತಿರ ಬರುತ್ತದೆ. ಎರಡೂ ಕಡೆ ಒಂದೇ ಆಳ ತೆಗೆದರೆ ತಗ್ಗಿನ ತಳವೂ ಓರೆಯಾಗಿಯೇ ಉಳಿಯುತ್ತದೆ, ಮೇಲಿನ ಅಂತಸ್ತು ನಿಜವಾಗಿ ವಾಲುತ್ತದೆ. ಬೋರ್ಡನ್ನು ತಗ್ಗಿನೊಳಗಿಟ್ಟು ಅದರ ಮೇಲೆ ರಸಮಟ್ಟ ಇಡಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಗುಳ್ಳೆ ನಡುವೆ ನಿಂತಿದೆಯೇ? ಇಲ್ಲವಾದರೆ ಕೇಕಿನ ಪುಡಿಯನ್ನು ಗನಾಶ್‌ನಲ್ಲಿ ಕಲಸಿ ತಗ್ಗಿದ್ದಲ್ಲಿ ತುಂಬಿ. ಗೋಡೆಗೆ ಗಾರೆ ಮೆತ್ತಿದ ಹಾಗೆ ಒರಟಾಗಿದ್ದರೂ ನಡೆಯುತ್ತದೆ, ಯಾರಿಗೂ ಕಾಣುವುದಿಲ್ಲ.

ಈಗ ಹೊರಗೆಲ್ಲ ಗನಾಶ್. ಮೊದಲು ಪುಡಿ ಹಿಡಿಯುವಷ್ಟು ತೆಳುವಾದ ಒಂದು ಕೈ, ಅರ್ಧ ಗಂಟೆ ಫ್ರಿಜ್, ಆಮೇಲೆ ಕಾಲು ಇಂಚಿಗೆ ಸ್ವಲ್ಪ ಕಡಿಮೆ ದಪ್ಪದ ಎರಡನೆಯ ಕೈ. ಪಕ್ಕ ಓರೆಯಾಗಿರುವುದರಿಂದ ಸ್ಕ್ರೇಪರನ್ನೂ ಅದೇ ಓರೆಯಲ್ಲಿ ಹಿಡಿಯಬೇಕು. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕೊನೆಗೊಮ್ಮೆ ಸವರಿದರೆ ಗೆರೆಗಳು ಮಾಯ.

ಫಾಂಡೆಂಟ್, ಮತ್ತು ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯ ಯಾವ ಮೂಲೆಯಲ್ಲೂ ಹೊಸಬರು ಫಾಂಡೆಂಟ್ ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ. ಅದು ಸಕ್ಕರೆ, ಹಪ್ಪಳ ಮೆತ್ತಗಾಗುವ ಗಾಳಿಯಲ್ಲಿ ಸಕ್ಕರೆ ಬೆವರದೆ ಇರುವುದಿಲ್ಲ. ಆ ತಿಂಗಳುಗಳಲ್ಲಿ ಗನಾಶ್‌ನ ಮೇಲೆಯೇ ಫೋರ್ಕಿನಿಂದ ಅಲೆ ಎಳೆದು ನಿಲ್ಲಿಸಿ. ಕಾರವಾರದ ಕಡಲು ಕಿಟಕಿಯಾಚೆಗೇ ಇದೆ, ಮಾದರಿ ಹುಡುಕಬೇಕಾಗಿಲ್ಲ.

ಉಳಿದ ಕಾಲದಲ್ಲಿ ಹೊದಿಸುವುದಾದರೆ ಮೇಜಿಗೆ ಕಾರ್ನ್‌ಫ್ಲೋರ್ ಉದುರಿಸಿ, 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ದೊಡ್ಡದಕ್ಕೆ 21 ಇಂಚು ಅಗಲದ ಹಾಳೆ ಬೇಕು, ಚಿಕ್ಕದಕ್ಕೆ 17 ಇಂಚು. ಗನಾಶ್ ಮೇಲೆ ತೆಳುವಾಗಿ ನೀರು ಸವರಿ ಹಾಳೆ ಹೊದಿಸಿದ ಮೇಲೆ ಬುಡದಲ್ಲಿ ನೆರಿಗೆ ಬೀಳುತ್ತದೆ, ಏಕೆಂದರೆ ಕೆಳಗೆ ಹೋದಂತೆ ಸುತ್ತಳತೆ ಕಿರಿದು. ನೆರಿಗೆಯನ್ನು ಒತ್ತಿ ಮಡಿಸಬೇಡಿ. ಲಂಗದ ಅಂಚು ಹಿಡಿದು ಬಿಡಿಸಿದಂತೆ ಹೊರಕ್ಕೆ ಮೆಲ್ಲಗೆ ಎತ್ತಿ, ಅಂಗೈಯಿಂದ ಮೇಲಿಂದ ಕೆಳಕ್ಕೆ ಸವರುತ್ತ ಬಂದರೆ ಅದು ಕರಗುತ್ತದೆ. ಹಿಂಬದಿಯಲ್ಲಿ ಒಂದೆರಡು ಉಳಿದರೂ ಚಿಂತೆಯಿಲ್ಲ, ಪಟ್ಟಿಯೊಂದನ್ನು ಅಂಟಿಸಿದರೆ ಮುಚ್ಚುತ್ತದೆ. ತಗ್ಗಿನ ಮೇಲಿನ ಹಾಳೆಯನ್ನು ಬೆರಳಿನಿಂದ ಒತ್ತಿ ಅಂಚು ಪತ್ತೆ ಹಚ್ಚಿ, ಆ ವೃತ್ತವನ್ನು ಕತ್ತರಿಸಿ ತೆಗೆಯಿರಿ. ಬಣ್ಣಕ್ಕೆ ಜೆಲ್ ಬಣ್ಣವೇ ಇರಲಿ, ನೀರಿನಂಥ ಬಣ್ಣ ಫಾಂಡೆಂಟನ್ನು ಹಸಿ ಮಾಡುತ್ತದೆ.

ಅಲಂಕಾರದಲ್ಲಿ ಉದ್ದುದ್ದ ಪಟ್ಟೆ ಮತ್ತು ದೊಡ್ಡ ಚುಕ್ಕೆಗಳು ಓರೆಯನ್ನು ಎತ್ತಿ ತೋರಿಸುತ್ತವೆ. ಪಟ್ಟೆ ಬುಡದಲ್ಲಿ ಸಣ್ಣದಾಗಿ ತಲೆಯಲ್ಲಿ ಅಗಲವಾಗಲಿ. ದೋಣಿ, ಏಡಿ, ದೀಪಸ್ತಂಭ, ಯಕ್ಷಗಾನದ ಕಿರೀಟ, ಏನು ಬೇಕಾದರೂ ಮಾಡಬಹುದು. ಬೇಗ ಒಣಗಿ ಗಟ್ಟಿಯಾಗಲೆಂದು ಸಿಎಂಸಿ ಎಂಬ ಅಂಟುಪುಡಿ ಬೆರೆಸಿದ ಫಾಂಡೆಂಟಿನಲ್ಲಿ ಮೂರು ದಿನ ಮೊದಲೇ ಮಾಡಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಭಾರವಾದದ್ದನ್ನು ಕಾಗದದಲ್ಲಿ ಮಾಡಿದರೂ ಅಡ್ಡಿಯಿಲ್ಲ. ದೇವರ ತೇರಿನ ಆಕಾರ ಮಾತ್ರ ಬೇಡ. ಕೊನೆಗೆ ಚಾಕು ಹಾಕಬೇಕಾದ ಹೊತ್ತಿಗೆ ಮನೆಯ ಹಿರಿಯರ ಮುಖ ನೋಡಲಾಗುವುದಿಲ್ಲ.

ಹೊದಿಸಿದ ಕೇಕನ್ನು ಫ್ರಿಜ್ಜಿನಲ್ಲಿ ಬರಿದೇ ಇಡಬಾರದು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಟೇಪು ಹಚ್ಚಿ ಇಡಿ. ಹೊರಗೆ ತೆಗೆದ ಮೇಲೂ ಒಂದೆರಡು ಗಂಟೆ ಪೆಟ್ಟಿಗೆ ತೆರೆಯಬೇಡಿ. ಗಾಳಿಯ ನೀರು ಪೆಟ್ಟಿಗೆಯ ಮೇಲೆ ಕೂರಲಿ, ಕೇಕಿನ ಮೇಲಲ್ಲ. ಆದರೂ ಅಂಟಂಟಾದರೆ ಬೆರಳು ತಾಗಿಸದೆ ಫ್ಯಾನಿನ ಕೆಳಗಿಡಿ, ಒಣಗುತ್ತದೆ.

ಸಾಗಣೆ ಮತ್ತು ಜೋಡಣೆ

ಎರಡು ಅಂತಸ್ತನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿ ಒಯ್ದು, ಕಾರ್ಯಕ್ರಮದ ಜಾಗದಲ್ಲಿಯೇ ಜೋಡಿಸಿ. ಪಕ್ಕದ ಬೀದಿಗಾದರೂ ಹೀಗೆಯೇ. ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್, ನಡುವೆ ದೇವಿಮನೆ ಘಟ್ಟದ ತಿರುವುಗಳು. ಜೋಡಿಸಿದ ಕೇಕನ್ನು ಆ ದಾರಿಯಲ್ಲಿ ಹತ್ತಿಸುತ್ತೇನೆ ಎನ್ನುವುದು ಧೈರ್ಯವಲ್ಲ. ಕಾರಿನ ಸೀಟು ಹಿಂದಕ್ಕೆ ಇಳಿಜಾರಾಗಿರುತ್ತದೆ, ಪೆಟ್ಟಿಗೆಯನ್ನು ಅದರ ಮೇಲಿಡದೆ ಡಿಕ್ಕಿಯ ಸಮತಟ್ಟಾದ ನೆಲದಲ್ಲೋ ಮುಂದಿನ ಸೀಟಿನ ಕಾಲಿಡುವ ಜಾಗದಲ್ಲೋ ರಬ್ಬರ್ ಮ್ಯಾಟ್ ಹಾಸಿ ಇಡಿ. ಹೊರಡುವ ಹತ್ತು ನಿಮಿಷ ಮೊದಲೇ ಎಸಿ ಹಾಕಿ ಕಾರನ್ನು ತಣ್ಣಗೆ ಮಾಡಿಕೊಳ್ಳಿ.

ಜಾಗ ತಲುಪಿದ ಮೇಲೆ ಮೊದಲು ರಸಮಟ್ಟ ಇಡಬೇಕಾದ್ದು ಮೇಜಿನ ಮೇಲೆ. ಸಭಾಭವನದ ಮೇಜುಗಳ ಒಂದು ಕಾಲು ಕುಂಟುವುದು ಅಪರೂಪವಲ್ಲ. ಹಲಗೆಗೆ ಗನಾಶ್ ಸವರಿ ಕೆಳಗಿನ ಅಂತಸ್ತನ್ನು ಕೂರಿಸಿ. ತಗ್ಗಿನ ಅಂಚಿನಿಂದ ಮುಕ್ಕಾಲು ಇಂಚು ಒಳಗೆ, ವೃತ್ತಾಕಾರವಾಗಿ, ಆರು ಸ್ಟ್ರಾಗಳನ್ನು ಬೋರ್ಡು ತಾಗುವವರೆಗೆ ಚುಚ್ಚಿ. ಒಂದನ್ನು ಮೊದಲು ಚುಚ್ಚಿ ತಗ್ಗಿನ ತಳದ ಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ಕತ್ತರಿಸಿ, ಉಳಿದ ಐದನ್ನೂ ಅದೇ ಉದ್ದಕ್ಕೆ ಕತ್ತರಿಸಿ. ತಳ ಸಮತಟ್ಟಾಗಿದ್ದರೆ ಎಲ್ಲ ಸ್ಟ್ರಾಗಳೂ ಒಂದೇ ಉದ್ದ. ಒಂದೊಂದು ಒಂದೊಂದು ಉದ್ದ ಬೇಕಾಗುತ್ತಿದೆ ಎಂದರೆ ತಗ್ಗು ಸರಿಯಾಗಿಲ್ಲ. ಮೇಲಿನ ಕೇಕಿನ ಭಾರ ಹೊರುವುದು ಈ ಆರು ಸ್ಟ್ರಾಗಳೇ, ಕೆಳಗಿನ ಕೇಕಲ್ಲ.

ತಗ್ಗಿಗೆ ಸ್ವಲ್ಪ ಗನಾಶ್ ಹಾಕಿ ಮೇಲಿನ ಅಂತಸ್ತನ್ನು ಇಳಿಸಿ. ಕೆಳಗಿನದರ ಎತ್ತರದ ಬದಿ ಎಡಕ್ಕಿದ್ದರೆ ಮೇಲಿನದರ ಎತ್ತರದ ಬದಿ ಬಲಕ್ಕೆ ಬರಲಿ. ನೋಟಕ್ಕೆ ಚೆಂದವೂ ಹೌದು, ಭಾರ ಎಲ್ಲ ಒಂದೇ ಕಡೆ ಬೀಳುವುದೂ ತಪ್ಪುತ್ತದೆ. ಡೋವೆಲ್ ಕಡ್ಡಿಯ ತುದಿಯನ್ನು ಪೆನ್ಸಿಲ್ ಶಾರ್ಪನರ್‌ನಲ್ಲಿ ಚೂಪು ಮಾಡಿ, ಮೇಲಿನ ಕೇಕಿನ ನಡುವಿನಿಂದ ಕೆಳಗಿನ ಹಲಗೆಯವರೆಗೆ ನೇರವಾಗಿ ಇಳಿಸಿ. ಇದಕ್ಕಾಗಿ ಎರಡೂ ಬೋರ್ಡುಗಳ ನಡುವೆ ಕೇಕ್ ಅಂಟಿಸುವ ಮೊದಲೇ ತೂತು ಮಾಡಿಟ್ಟುಕೊಂಡಿರಬೇಕು. ಕಡ್ಡಿಯ ತಲೆ ಎಳೆಯಲು ಸಿಗುವಷ್ಟು ಹೊರಗೆ ಉಳಿಯಲಿ, ಅದು ಕಾಣದಂತೆ ಕಿರೀಟವನ್ನೋ ದೋಣಿಯನ್ನೋ ಅಲ್ಲಿ ಕೂರಿಸಿ. ಸಂದುಗಳಿಗೆ ಫಾಂಡೆಂಟಿನ ಮಣಿಸಾಲು ಸುತ್ತಿ.

ಕೇಕನ್ನು ಫ್ಯಾನು ಬೀಸುವ, ಬಿಸಿಲು ಬೀಳದ ಮೂಲೆಯಲ್ಲಿಡಿಸಿ. ಕಡಲತೀರದ ಪೆಂಡಾಲಿನಲ್ಲಿ ಕಾರ್ಯಕ್ರಮವಿದ್ದರೆ ಕತ್ತರಿಸುವ ಅರ್ಧ ಗಂಟೆ ಮೊದಲಷ್ಟೇ ಹೊರಗೆ ತರಲಿ. ಹುಟ್ಟುಹಬ್ಬದ ಮಗು ಚಾಕು ಹಾಕಬೇಕಾದ್ದು ಮೇಲಿನ ಅಂತಸ್ತಿನ ಅಂಚಿಗೆ, ನಡುವಿಗೆ ಅಲ್ಲ. ಚಪ್ಪಾಳೆ ಫೋಟೊ ಮುಗಿದ ಮೇಲೆ ಬಡಿಸುವವರು ಮೊದಲು ನಡುವಿನ ಕಡ್ಡಿಯನ್ನು ಎಳೆದು ತೆಗೆಯಲಿ, ಮೇಲಿನ ಅಂತಸ್ತನ್ನು ಬೋರ್ಡಿನ ಸಮೇತ ಎತ್ತಿ ಪಕ್ಕಕ್ಕಿಡಲಿ, ಆಮೇಲೆ ಕೆಳಗಿನದರಿಂದ ಸ್ಟ್ರಾಗಳನ್ನು ಹೊರತೆಗೆದು ಎಣಿಸಲಿ. ಆರೂ ಸಿಕ್ಕಿದ ಮೇಲೆಯೇ ತುಂಡು ಮಾಡಲು ಹೇಳಿ.